ಲೋಫೋಟೆನ್‌ಗೆ ಯಾವ ಋತುವಿನಲ್ಲಿ ಹೋಗುವುದು? ಜೊತೆಗೆ ಅತ್ತೆಯವರೂ ಇದ್ದಾರೆ

ತುಂಗಾತೀರ:
ನಾರ್ವೆಯ ಲೋಫೋಟೆನ್ ದ್ವೀಪಗಳಿಗೆ ಮುಂದಿನ ವರ್ಷ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಯಾವಾಗ ಎಂಬುದು ಮಾತ್ರ ಬಗೆಹರಿದಿಲ್ಲ. ನಾನು, ನಮ್ಮ ಯಜಮಾನರು, ಜೊತೆಗೆ ಅತ್ತೆಯವರು. ಅತ್ತೆಗೆ ಅರವತ್ತೇಳು ವರ್ಷ, ಎಡ ಮಂಡಿಯಲ್ಲಿ ನೋವು, ಅಪ್ಪಟ ಸಸ್ಯಾಹಾರಿ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಹಾಗೆಂದು ಅವರನ್ನು ನಾವು ಬಲವಂತವಾಗಿ ಕರೆದೊಯ್ಯುತ್ತಿಲ್ಲ. ಈ ಹುಚ್ಚು ಹತ್ತಿಸಿದವರೇ ಅವರು. ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಆ ಬೆಟ್ಟಗಳನ್ನೂ ಬುಡದಲ್ಲಿರುವ ಕೆಂಪು ಮನೆಗಳನ್ನೂ ಟಿವಿಯಲ್ಲಿ ನೋಡಿದವರು, "ಕಾಶಿಗೆ ಹೋಗಿ ಬಂದಾಯಿತು, ಇನ್ನು ಇಲ್ಲಿಗೆ" ಎಂದುಬಿಟ್ಟರು.

ಒಬ್ಬ ಏಜೆಂಟರು ಜೂನ್ ಕೊನೆಯ ವಾರಕ್ಕೆ ಪ್ಯಾಕೇಜ್ ಹೇಳಿದ್ದಾರೆ. ನಡುರಾತ್ರಿಯ ಸೂರ್ಯ, ಧ್ರುವಪ್ರಭೆ (ರಾತ್ರಿಯ ಆಕಾಶದಲ್ಲಿ ಕಾಣುವ ಆ ಹಸಿರು ಬೆಳಕು), ಎರಡೂ ಖಚಿತವಂತೆ. ನನಗೆ ಅನುಮಾನ. ಹೋಗಿ ಬಂದವರು ಹೇಳಿ: ಯಾವ ತಿಂಗಳು ಒಳ್ಳೆಯದು, ಕಾರು ಬೇಕೇ ಬೇಕೇ, ಊಟಕ್ಕೆ ಏನು ಗತಿ?

ಓಸ್ಲೋವಾಸಿ:
ಆ ಏಜೆಂಟರಿಗೆ ಮುಂಗಡ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.

ಲೋಫೋಟೆನ್ ಇರುವುದು ಆರ್ಕ್ಟಿಕ್ ವೃತ್ತದ ಮೇಲೆ, 68 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಮುಳುಗಲು ಶುರುವಾದ ಮೇಲೂ ಆಗಸ್ಟ್ ಕಡೆಯವರೆಗೆ ಆಕಾಶ ಸರಿಯಾಗಿ ಕಪ್ಪಾಗುವುದಿಲ್ಲ. ಧ್ರುವಪ್ರಭೆ ಜೂನ್‌ನಲ್ಲೂ ಆಗುತ್ತಿರುತ್ತದೆ, ಆದರೆ ಹಗಲಿನ ಬೆಳಕಿನಲ್ಲಿ ಅದನ್ನು ನೋಡುವವರಾರು? ಅದು ಕಾಣುವುದು ಆಗಸ್ಟ್ ಕೊನೆಯಿಂದ ಏಪ್ರಿಲ್ ಮೊದಲ ಭಾಗದವರೆಗೆ. ಎರಡರಲ್ಲಿ ಒಂದನ್ನು ಬಿಡಲೇಬೇಕು.

ಬಿಸಿಲನಾಡು:
ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುವ ಟಾಕೀಸುಗಳು ಮುಚ್ಚಿಹೋದವು ಎಂದುಕೊಂಡಿದ್ದೆ. ಏಜೆಂಟರ ರೂಪದಲ್ಲಿ ಇನ್ನೂ ಬದುಕಿವೆ.

ಕ್ಯಾಮೆರಾಕಣ್ಣು:
ಕಣ್ಣು ಮುಚ್ಚಿಕೊಂಡು ಫೆಬ್ರುವರಿ ಕೊನೆ ಅಥವಾ ಮಾರ್ಚ್‌ಗೆ ಹೋಗಿ. ಬೇಸಿಗೆಯ ಲೋಫೋಟೆನ್ ಹಸಿರಾಗಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಬೆಟ್ಟದ ಮೇಲೆ ಹಿಮ ಬಿದ್ದಾಗ ಮಾತ್ರ ಅದರ ಮೂಳೆಗಳು ಕಾಣುತ್ತವೆ. ಪ್ರತಿಯೊಂದು ಸೀಳು, ಪ್ರತಿಯೊಂದು ಏಣು ಬಿಳಿ-ಕಪ್ಪಿನಲ್ಲಿ ಎದ್ದು ನಿಲ್ಲುತ್ತದೆ. ಸೂರ್ಯ ತಲೆಯ ಮೇಲೆ ಬರುವುದೇ ಇಲ್ಲ, ಆದ್ದರಿಂದ ನಡುಮಧ್ಯಾಹ್ನವೂ ಬೆಳಕು ಓರೆಯಾಗಿ, ಸಂಜೆಯ ಬಣ್ಣದಲ್ಲಿ ಬೀಳುತ್ತದೆ. ಫೆಬ್ರುವರಿ ಆರಂಭದಲ್ಲಿ ಹಗಲು ಆರು ಗಂಟೆಗೂ ಕಡಿಮೆ, ಮಾರ್ಚ್ ಕೊನೆಗೆ ಹದಿಮೂರು ಗಂಟೆಯ ಸುಮಾರು. ರಾತ್ರಿಗೆ ಧ್ರುವಪ್ರಭೆ. ಇನ್ನೇನು ಬೇಕು?

ಹಾಮ್ನೊಯ್ ಸೇತುವೆಯ ಮೇಲೆ ಬೆಳಗಿನ ಜಾವ ನಿಂತು ನೋಡಿ. ಕಂಬಗಳ ಮೇಲೆ ನಿಂತ ಕೆಂಪು ಮೀನುಗಾರರ ಮನೆಗಳು, ಹಿಂದೆ ಬಂಡೆಗೋಡೆಯಂಥ ಬೆಟ್ಟ. ನಿಮ್ಮ ಅತ್ತೆಯವರು ಟಿವಿಯಲ್ಲಿ ನೋಡಿದ್ದು ಬಹುಶಃ ಅದೇ.

ಓಸ್ಲೋವಾಸಿ:
@ಕ್ಯಾಮೆರಾಕಣ್ಣು, ಆ ಸೇತುವೆಯ ಮೇಲೆ ಬೆಳಗಿನ ಜಾವ ನಿಮ್ಮಂಥವರು ಮೂವತ್ತು ಜನ ಮುಕ್ಕಾಲಿ ಹೂಡಿಕೊಂಡು ನಿಂತಿರುತ್ತೀರಿ. ಮಂಡಿ ನೋವಿನ ಹಿರಿಯರು ನಿಲ್ಲುವುದೆಲ್ಲಿ?

ಅದಿರಲಿ. ಮಾರ್ಚ್‌ನ ಲೋಫೋಟೆನ್ ಸೈಬೀರಿಯಾ ಅಲ್ಲ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಹಾದುಹೋಗುವುದರಿಂದ ಚಳಿಗಾಲದ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿಯ ಅಕ್ಕಪಕ್ಕದಲ್ಲೇ ಇರುತ್ತದೆ. ಕೇಳಲು ಹಿತ, ಆದರೆ ತೊಂದರೆ ಇರುವುದೇ ಅಲ್ಲಿ. ಹಗಲು ಹಿಮ ಕರಗುತ್ತದೆ, ಮಳೆ ಬೀಳುತ್ತದೆ, ರಾತ್ರಿ ಅದೇ ನೀರು ಗಾಜಾಗಿ ಹೆಪ್ಪುಗಟ್ಟುತ್ತದೆ. ಕಾರು ನಿಲ್ಲಿಸುವ ಜಾಗದಿಂದ ಮನೆಯ ಬಾಗಿಲಿಗೆ ಹತ್ತು ಹೆಜ್ಜೆ ಇಡುವುದೇ ಸಾಹಸ. ಇಲ್ಲಿನ ಅಜ್ಜಿಯರು ಬೂಟಿನ ಅಡಿಗೆ ರಬ್ಬರ್ ಪಟ್ಟಿಯ ಮೊಳೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಅವರಿಗೆ ಹುಟ್ಟಿನಿಂದ ಅಭ್ಯಾಸ, ನಮ್ಮ ಅತ್ತೆಯಂದಿರಿಗಲ್ಲ.

ಕ್ಯಾಮೆರಾಕಣ್ಣು:
ಮೂವತ್ತು ಜನ ಎಂಬುದು ಉತ್ಪ್ರೇಕ್ಷೆ.

ಓಸ್ಲೋವಾಸಿ:
ಹೌದು, ಮಾರ್ಚ್‌ನಲ್ಲಿ ನಲವತ್ತು.

ಹಾದಿಹೋಕ:
ಹಿಮಕರಡಿಗಳ ಬಗ್ಗೆ ಯಾರೂ ಮಾತನಾಡುತ್ತಿಲ್ಲವಲ್ಲ? ಊರಿನ ಹೊರಗೆ ಕಾಲಿಡಬೇಕಾದರೆ ಬಂದೂಕು ಬೇಕು ಎಂದು ಓದಿದ ನೆನಪು.

ಓಸ್ಲೋವಾಸಿ:
ಅದು ಸ್ವಾಲ್‌ಬಾರ್ಡ್, ನಾರ್ವೆಯದೇ ಇನ್ನೊಂದು ದ್ವೀಪಸಮೂಹ. ಲೋಫೋಟೆನ್‌ನಿಂದ ಉತ್ತರಕ್ಕೆ ಇನ್ನೂ ಸಾವಿರ ಕಿಲೋಮೀಟರ್‌ಗೆ ಸಮೀಪ. ಲೋಫೋಟೆನ್‌ನಲ್ಲಿ ಎದುರಾಗುವ ಅತಿ ಅಪಾಯಕಾರಿ ಪ್ರಾಣಿ ಎಂದರೆ ರಸ್ತೆ ಮಧ್ಯೆ ಮಲಗಿರುವ ಕುರಿ.

ಪಂಚಾಂಗ:
ಸ್ವಾಲ್‌ಬಾರ್ಡ್ ಹೆಸರು ಬಂದದ್ದರಿಂದ ಹೇಳುತ್ತೇನೆ. ನಮ್ಮ ದೇಶದ ಆರ್ಕ್ಟಿಕ್ ಸಂಶೋಧನಾ ಕೇಂದ್ರ 'ಹಿಮಾದ್ರಿ' ಇರುವುದು ಅಲ್ಲೇ, ನೀ-ಓಲೆಸುಂಡ್‌ನಲ್ಲಿ, 2008ರಿಂದ. ಸ್ವಾಲ್‌ಬಾರ್ಡ್‌ಗೆ ಪ್ರತ್ಯೇಕ ವೀಸಾ ಇಲ್ಲ, ಆದರೆ ಅದು ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಕೂಟದ, ಹೊರಗಿದೆ. ಓಸ್ಲೋ ಮೂಲಕ ಹೋಗಿ ಅದೇ ದಾರಿಯಲ್ಲಿ ಬರುವವರಿಗೆ ಎರಡು ಪ್ರವೇಶಗಳ ಷೆಂಗೆನ್ ವೀಸಾ ಬೇಕು. ಒಂದೇ ಪ್ರವೇಶದ ವೀಸಾ ಹಿಡಿದು ಹೋದವರು ವಾಪಸ್ ಬರುವಾಗ ಪೇಚಿಗೆ ಸಿಲುಕುತ್ತಾರೆ. ಲೋಫೋಟೆನ್‌ಗೆ ಈ ತಾಪತ್ರಯವಿಲ್ಲ.

ಚಾರಣಪ್ರಿಯ:
ಜೂನ್ ಬಿಡಬೇಡಿ ಎಂದು ನಾನು ಹೇಳುತ್ತೇನೆ. ರಾತ್ರಿ ಹನ್ನೊಂದಕ್ಕೆ ಬೆಟ್ಟ ಹತ್ತಲು ಹೊರಟು ಬಿಸಿಲಿನಲ್ಲೇ ಇಳಿದು ಬರುವ ಸುಖ ಬೇರೆಲ್ಲಿದೆ? ರೈನೆ ಊರಿನ ಮೇಲಿರುವ ರೈನೆಬ್ರಿಂಗೆನ್ ಕೇವಲ 448 ಮೀಟರ್ ಎತ್ತರ. ಮೊದಲು ಅದು ಕೆಸರು ಜಾರುಬಂಡೆಯಾಗಿತ್ತು, ಜನ ಬಿದ್ದು ಪೆಟ್ಟು ಮಾಡಿಕೊಳ್ಳುತ್ತಿದ್ದರು. ಆಮೇಲೆ ನೇಪಾಳದಿಂದ ಶೆರ್ಪಾಗಳನ್ನು ಕರೆಸಿ ಕಲ್ಲಿನ ಮೆಟ್ಟಿಲು ಕಟ್ಟಿಸಿದರು. ಸುಮಾರು ಎರಡು ಸಾವಿರ ಮೆಟ್ಟಿಲು. ಮೇಲೆ ನಿಂತರೆ ಇಡೀ ರೈನೆ ಫ್ಯೋರ್ಡ್, ಬೆಟ್ಟಗಳ ನಡುವೆ ಒಳನುಗ್ಗಿದ ಆ ಕಡಲ ಕವಲು, ಕಾಲ ಕೆಳಗೆ.

ಬಿಸಿಲನಾಡು:
ಅರವತ್ತೇಳು ವರ್ಷ, ಮಂಡಿ ನೋವು ಎಂದು ಅವರು ಮೊದಲ ಪ್ಯಾರಾದಲ್ಲೇ ಬರೆದಿದ್ದಾರೆ. ನೀವು ಎರಡು ಸಾವಿರ ಮೆಟ್ಟಿಲು ತೋರಿಸುತ್ತಿದ್ದೀರಿ.

ಚಾರಣಪ್ರಿಯ:
ಅತ್ತೆಯವರು ಕೆಳಗೆ ಕುಳಿತು ಕಾಫಿ ಕುಡಿಯಲಿ, ಸೊಸೆ ಹತ್ತಲಿ. ಇಬ್ಬರಿಗೂ ಬಿಡುವು ಸಿಕ್ಕಂತಾಯಿತು.

ತುಂಗಾತೀರ:
ಅತ್ತೆಯವರು ಇದನ್ನು ಓದುತ್ತಿದ್ದಾರೆ, ಮೊಬೈಲ್ ಅವರ ಕೈಯಲ್ಲೇ ಇದೆ. "ಧರ್ಮಸ್ಥಳಕ್ಕೆ ನಡೆದೇ ಹೋದವಳು ನಾನು" ಎಂದು ಬರೆಯಲು ಹೇಳುತ್ತಿದ್ದಾರೆ. ಅದು ಮೂವತ್ತು ವರ್ಷದ ಹಿಂದಿನ ಮಾತು ಎಂದು ನಾನು ಸೇರಿಸುತ್ತಿದ್ದೇನೆ.

ಪಂಚಾಂಗ:
ಅಮ್ಮನವರಿಗೆ ನಮಸ್ಕಾರ. ಜೂನ್‌ನ ಪರವಾಗಿ ಹೇಳುವವರು ಒಂದು ವಿಷಯ ಬಿಟ್ಟಿದ್ದಾರೆ. ನಡುರಾತ್ರಿಯ ಸೂರ್ಯ ಉತ್ತರ ದಿಕ್ಕಿನಲ್ಲಿ, ದಿಗಂತಕ್ಕೆ ಹತ್ತಿರ ಇರುತ್ತಾನೆ. ರೈನೆ, ಹಾಮ್ನೊಯ್, ನುಸ್‌ಫ್ಯೋರ್ಡ್ ಇವೆಲ್ಲ ಬೆಟ್ಟಸಾಲಿನ ದಕ್ಷಿಣ ಮಗ್ಗುಲಲ್ಲಿವೆ. ಅಲ್ಲಿ ದುಬಾರಿ ಕೋಣೆ ಹಿಡಿದು ರಾತ್ರಿಯೆಲ್ಲ ಕುಳಿತರೂ ಬೆಳಕು ಕಾಣುತ್ತದೆಯೇ ಹೊರತು ಸೂರ್ಯ ಕಾಣುವುದಿಲ್ಲ. ಹೊರಗಡಲಿಗೆ ಮುಖ ಮಾಡಿದ ಎಗ್ಗುಮ್, ಉನ್‌ಸ್ಟಾಡ್, ಉಟ್ಟಾಕ್ಲೈವ್ ಕಡೆಗೆ ಹೋಗಬೇಕು. ಎಗ್ಗುಮ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದ ಜರ್ಮನ್ ರಡಾರ್ ನೆಲೆಯ ಕಲ್ಲಿನ ಗೋಡೆ ಉಳಿದಿದೆ, ಅದರ ಹತ್ತಿರದವರೆಗೂ ಕಾರು ಹೋಗುತ್ತದೆ. ಇನ್ನೊಂದು: ಬೇಸಿಗೆಯ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಸೂರ್ಯ ಅತಿ ಕೆಳಗೆ ಬರುವುದು ಹನ್ನೆರಡಕ್ಕಲ್ಲ, ಒಂದರ ಸುಮಾರಿಗೆ.

ಬಿಸಿಲನಾಡು:
ಪಂಚಾಂಗದವರೇ, ನಿಮ್ಮನ್ನೇ ಕೇಳಬೇಕು. ಸೂರ್ಯ ಮುಳುಗದ ಊರಿನಲ್ಲಿ ಸಂಧ್ಯಾವಂದನೆ ಯಾವಾಗ?

ಪಂಚಾಂಗ:
ಗಡಿಯಾರ ನೋಡಿ ಮಾಡುವುದು. ನನ್ನ ತಮ್ಮ ಟ್ರೋಮ್ಸೊದಲ್ಲಿದ್ದಾಗ ಬೆಂಗಳೂರಿನ ವೇಳೆ ಇಟ್ಟುಕೊಂಡಿದ್ದ. ಡಿಸೆಂಬರ್‌ನಲ್ಲಿ ಅರ್ಘ್ಯ ಕೊಡಲು ಸೂರ್ಯನೇ ಇರುವುದಿಲ್ಲ, ಅದಕ್ಕೇನು ಹೇಳುತ್ತೀರಿ? ಲೋಫೋಟೆನ್‌ನಲ್ಲೂ ಡಿಸೆಂಬರ್ ಮೊದಲ ವಾರದಿಂದ ಜನವರಿ ಮೊದಲ ವಾರದವರೆಗೆ ಸೂರ್ಯೋದಯವಿಲ್ಲ. ಹಾಗೆಂದು ಕಗ್ಗತ್ತಲೆಯೂ ಅಲ್ಲ. ಮಧ್ಯಾಹ್ನದ ಆಚೀಚೆ ಕೆಲವು ಗಂಟೆ ನೀಲಿ ಬೆಳಕು ಇರುತ್ತದೆ.

ಹಾದಿಹೋಕ:
ಇಷ್ಟೆಲ್ಲ ಖರ್ಚು ಮಾಡಿ ಅಲ್ಲಿಗೇಕೆ? ಹಿಮಾಚಲಕ್ಕೆ ಹೋಗಿ. ಹಿಮ ಇದೆ, ಬೆಟ್ಟ ಇದೆ, ಬೆಳಗ್ಗೆ ಪರಾಟ ಇದೆ.

ಕ್ಯಾಮೆರಾಕಣ್ಣು:
ಸಮುದ್ರ?

ಹಾದಿಹೋಕ:
ಬರುವಾಗ ಗೋಕರ್ಣ.

ಪಡುಗಡಲು:
ಮಾರಾಯರೇ, ಇಷ್ಟು ಹೊತ್ತು ಮಾತನಾಡಿದಿರಿ, ಮೀನಿನ ವಿಷಯ ಒಬ್ಬರೂ ಎತ್ತಲಿಲ್ಲ. ಲೋಫೋಟೆನ್ ಎಂದರೆ ಮೊದಲು ಮೀನು, ಆಮೇಲೆ ಬೆಟ್ಟ. ಪ್ರತಿ ಚಳಿಗಾಲದಲ್ಲೂ ಕಾಡ್ ಮೀನು ಬ್ಯಾರೆಂಟ್ಸ್ ಸಮುದ್ರದಿಂದ ಮೊಟ್ಟೆಯಿಡಲು ಇಲ್ಲಿಗೆ ಬರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಸುಗ್ಗಿ. ನಾನು ಮಲ್ಪೆಯ ಹತ್ತಿರದವನು, ಒಣಮೀನಿನ ನಡುವೆಯೇ ಬೆಳೆದವನು, ಆದರೆ ಹೆನ್ನಿಂಗ್ಸ್‌ವಾರ್‌ನಲ್ಲಿ ಮಾರ್ಚ್‌ನಲ್ಲಿ ಕಂಡದ್ದು ಬೇರೆಯೇ ಲೋಕ.

ಎರಡಾಳು ಎತ್ತರದ ಮರದ ಚಪ್ಪರಗಳು ಊರ ತುಂಬಾ. ತಲೆ ಕಡಿದು, ಕರುಳು ತೆಗೆದ ಮೀನುಗಳನ್ನು ಎರಡೆರಡಾಗಿ ಬಾಲಕ್ಕೆ ಬಾಲ ಕಟ್ಟಿ ಗಳುವಿಗೆ ಜೋತು ಹಾಕಿರುತ್ತಾರೆ. ಗಾಳಿ ಬೀಸಿದಾಗ ಅವು ಒಂದಕ್ಕೊಂದು ತಾಗಿ ಕಟ್ಟಿಗೆಯಂತೆ ಟಕಟಕ ಎನ್ನುತ್ತವೆ. ಕಡಲಹಕ್ಕಿಗಳು ಕದಿಯದಂತೆ ಮೇಲೆ ಬಲೆ. ನಮ್ಮಲ್ಲಿ ಉಪ್ಪು ಹಾಕಿ ಬಿಸಿಲಿಗೆ ಹರಡುತ್ತೇವೆ. ಅಲ್ಲಿ ಉಪ್ಪಿನ ಹರಳು ಒಂದೂ ಇಲ್ಲ, ಬರೀ ಗಾಳಿ ಮತ್ತು ಚಳಿ. ಸೊನ್ನೆಗಿಂತ ತೀರಾ ಕೆಳಗಿಳಿದರೆ ಮೀನಿನ ಎಳೆ ಒಡೆಯುತ್ತದೆ, ಬೆಚ್ಚಗಾದರೆ ನೊಣ ಕೂರುತ್ತದೆ. ಓಸ್ಲೋವಾಸಿಗಳು ದೂರಿದ ಆ ಸೊನ್ನೆ ಡಿಗ್ರಿಯೇ ಅಲ್ಲಿನವರ ಅನ್ನ. ಜೂನ್ ಹೊತ್ತಿಗೆ ಇಳಿಸಿ, ದರ್ಜೆ ವಿಂಗಡಿಸಿ ಹೆಚ್ಚಿನದನ್ನು ಇಟಲಿಗೆ ಕಳಿಸುತ್ತಾರೆ. ತಲೆಗಳನ್ನು ಬೇರೆ ಪೋಣಿಸಿ ಒಣಗಿಸುತ್ತಾರೆ, ಅವು ನೈಜೀರಿಯಾಕ್ಕೆ ಹೋಗುತ್ತವೆ. 1432ರಲ್ಲಿ ವೆನಿಸ್‌ನ ಪಿಯೆತ್ರೊ ಕ್ವೆರಿನಿ ಎಂಬ ವರ್ತಕನ ಹಡಗು ಒಡೆದು, ಬದುಕುಳಿದವರು ರೋಸ್ಟ್ ದ್ವೀಪದವರ ಆಶ್ರಯ ಪಡೆದರು. ಇಟಲಿಯವರ ಈ ಚಟಕ್ಕೆ ಅವನೇ ಕಾರಣ ಎಂದು ಅಲ್ಲಿನವರು ಹೇಳುತ್ತಾರೆ.

ವಾಸನೆ ಇದೆ. ನನಗೆ ತವರಿನ ವಾಸನೆ. ನಿಮ್ಮ ಅತ್ತೆಯವರಿಗೆ ಹೇಗೋ ಗೊತ್ತಿಲ್ಲ.

ತುಂಗಾತೀರ:
ಇಲ್ಲಿಯವರೆಗೆ ಮಾರ್ಚ್‌ಗೆ ಅರ್ಧ ಮನಸ್ಸು ಮಾಡಿದ್ದ ಅತ್ತೆಯವರು ಈಗ ಮೊಬೈಲ್ ವಾಪಸ್ ಕೊಟ್ಟು ಒಳಗೆ ಹೋಗಿದ್ದಾರೆ.

ಕ್ಯಾಮೆರಾಕಣ್ಣು:
@ಪಡುಗಡಲು, ಒಂದು ಮತ ಕಳೆದಿರಿ.

ಪಡುಗಡಲು:
ಸತ್ಯ ಹೇಳಿದರೆ ಮತ ಹೋಗುತ್ತದೆ, ಇದು ಎಲ್ಲ ಚುನಾವಣೆಯಲ್ಲೂ ಇದ್ದದ್ದೇ.

ಲೆಕ್ಕಾಚಾರ:
ಹಣದ ಮಾತು ನಾನು ಆಡುತ್ತೇನೆ. 2025ರಲ್ಲಿ ಒಂದು ನಾರ್ವೆ ಕ್ರೋನಗೆ ಎಂಟು ರೂಪಾಯಿಯ ಆಸುಪಾಸು ಇತ್ತು. ಆ ಕೆಂಪು ಮೀನುಗಾರರ ಮನೆಗೆ ಅಲ್ಲಿ 'ರೋರ್ಬು' ಎನ್ನುತ್ತಾರೆ. ಹನ್ನೆರಡನೇ ಶತಮಾನದಲ್ಲಿ ಓಯ್‌ಸ್ಟೈನ್ ದೊರೆ ಹೊರಗಿನಿಂದ ಬರುವ ಮೀನುಗಾರರಿಗಾಗಿ ಕಾಬೆಲ್‌ವೋಗ್ ಕಡೆಯಲ್ಲಿ ಕಟ್ಟಿಸಿದ್ದರಿಂದ ಶುರುವಾದದ್ದು. ಈಗ ಅವುಗಳಲ್ಲಿ ಮಲಗುವವರು ನಾವು. ಜುಲೈನಲ್ಲಿ ರೈನೆ ಕಡೆ ಒಂದು ರಾತ್ರಿಗೆ ಎರಡು ಸಾವಿರ ಕ್ರೋನ ಒಳಗೆ ಸಿಕ್ಕರೆ ಅದೃಷ್ಟ. ಆದರೆ ಮೂವರಿಗೆ ಒಂದೇ ಮನೆ, ಒಳಗೆ ಅಡುಗೆಮನೆ. ಹೋಟೆಲಿನ ಎರಡು ಕೋಣೆ ಮತ್ತು ಮೂರು ಹೊತ್ತಿನ ಹೊರಗಿನ ಊಟಕ್ಕೆ ಹೋಲಿಸಿದರೆ ಇದೇ ಅಗ್ಗ.

ಸೆಪ್ಟೆಂಬರ್ ಎರಡನೇ ವಾರದ ನಂತರ ದರ ಇಳಿಯುತ್ತದೆ. ಫೆಬ್ರುವರಿ-ಮಾರ್ಚ್‌ನಲ್ಲಿ ಕ್ಯಾಮೆರಾದವರ ಕೃಪೆಯಿಂದ ಮತ್ತೆ ಏರುತ್ತದೆ. ಅಕ್ಟೋಬರ್ ಕೊನೆ, ನವೆಂಬರ್ ಅತಿ ಅಗ್ಗ. ಏಕೆ ಅಗ್ಗ ಎಂಬುದು ಹೋದ ದಿನವೇ ಗೊತ್ತಾಗುತ್ತದೆ. ಮಳೆ, ಗಾಳಿ, ಮುಚ್ಚಿದ ಬಾಗಿಲು.

ಜೊತೆಗೆ, ರಾತ್ರಿ ತಂಗುವ ಬಾಡಿಗೆಯ ಮೇಲೆ ಶೇ. 3ರಷ್ಟು ಪ್ರವಾಸಿ ಶುಲ್ಕ ಹಾಕಲು ಸ್ಥಳೀಯ ಆಡಳಿತಗಳಿಗೆ ಅವಕಾಶ ಕೊಡುವ ಕಾನೂನಿಗೆ ನಾರ್ವೆಯ ಸಂಸತ್ತು 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಬಿಲ್ಲಿನಲ್ಲಿ ಕಂಡರೆ ಗಾಬರಿ ಬೇಡ.

ಓಸ್ಲೋವಾಸಿ:
ಆ ಶುಲ್ಕದ ಬಗ್ಗೆ ಗೊಣಗುವವರಿಗೆ: ಅಲ್ಲಿರುವುದು ಒಂದೇ ಮುಖ್ಯರಸ್ತೆ, ಇ10. ಬೇಸಿಗೆಯಲ್ಲಿ ಮನೆಯಂಥ ವಾಹನಗಳು ಎಲ್ಲಿ ಬೇಕೆಂದರಲ್ಲಿ ನಿಲ್ಲುತ್ತವೆ, ಆಂಬುಲೆನ್ಸ್‌ಗೆ ದಾರಿಯಿಲ್ಲ. ಕಡಲತೀರದ ಬಳಿ ಶೌಚಾಲಯ ಸಾಲದೆ ಜನ ಪೊದೆಯ ಮರೆ ಹುಡುಕುತ್ತಾರೆ. ಊರಿನವರು ಎಷ್ಟೆಂದು ಸಹಿಸಬೇಕು? ನಾರ್ವೆಯಲ್ಲಿ ಯಾರು ಬೇಕಾದರೂ ಬಯಲಿನಲ್ಲಿ ಓಡಾಡಬಹುದು, ಡೇರೆ ಹಾಕಬಹುದು ಎಂಬ ಹಕ್ಕು ಕಾನೂನಿನಲ್ಲೇ ಇದೆ, 1957ರಿಂದ. ಆದರೆ ಮನೆಗಳಿಂದ 150 ಮೀಟರ್ ದೂರ ಇರಬೇಕು. ಲೋಫೋಟೆನ್‌ನ ಕೆಲವು ಕಡೆ ಈಗ ಡೇರೆಯೇ ನಿಷಿದ್ಧ. ಫಲಕ ಓದಿ.

ಕಾರಿನ ಪ್ರಶ್ನೆಗೆ ಉತ್ತರ: ನಿಮ್ಮ ಸ್ಥಿತಿಯಲ್ಲಿ ಬೇಕೇ ಬೇಕು. ಬಸ್ ಇದೆ, ಆದರೆ ದಿನಕ್ಕೆ ಬೆರಳೆಣಿಕೆಯಷ್ಟು. ಬೇಸಿಗೆ ಮುಗಿದರೆ ಇನ್ನೂ ಕಡಿಮೆ. ಮೂರು ದಾರಿಗಳಿವೆ. ಓಸ್ಲೋದಿಂದ ಎವೆನೆಸ್‌ಗೆ ವಿಮಾನ, ಅಲ್ಲಿಂದ ಲೋಫೋಟೆನ್‌ನ ಸ್ವೋಲ್ವಾರ್ ಊರಿಗೆ ಸುಮಾರು 170 ಕಿ.ಮೀ. ರಸ್ತೆ. 2007ರಲ್ಲಿ ಆ ರಸ್ತೆ ಪೂರ್ತಿಯಾದ ಮೇಲೆ ನಡುವೆ ದೋಣಿ ಹತ್ತಬೇಕಾಗಿಲ್ಲ. ಇಲ್ಲವೇ ನಾರ್ವೆಯ ಮುಖ್ಯಭೂಮಿಯಲ್ಲಿರುವ ಬೂಡೊವರೆಗೆ ಹೋಗಿ ಅಲ್ಲಿಂದ ಸ್ವೋಲ್ವಾರ್ ಅಥವಾ ಲೆಕ್‌ನೆಸ್‌ಗೆ ಚಿಕ್ಕ ಪ್ರೊಪೆಲರ್ ವಿಮಾನ. ಅದೂ ಬೇಡವೆಂದರೆ ಬೂಡೊದಿಂದ ಮೋಸ್ಕೆನೆಸ್‌ಗೆ ಕಾರು ಸಾಗಿಸುವ ದೊಡ್ಡ ದೋಣಿ, ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಸಮುದ್ರ ಶಾಂತವಾಗಿದ್ದರೆ ಬೆಟ್ಟಗಳ ಗೋಡೆ ನೀರಿನಿಂದ ಮೆಲ್ಲಗೆ ಮೇಲೇಳುವುದನ್ನು ನೋಡುತ್ತಾ ಹೋಗಬಹುದು. ಶಾಂತವಾಗಿಲ್ಲದಿದ್ದರೆ ಮಾತ್ರೆ ನುಂಗಿ ಮಲಗಿ. ನಿಮಗೆ ನನ್ನ ಸಲಹೆ ಎವೆನೆಸ್.

ಬಿಸಿಲನಾಡು:
ಸ್ಟೀರಿಂಗ್ ಎಡಕ್ಕೆ, ಓಡಿಸುವುದು ರಸ್ತೆಯ ಬಲಬದಿಗೆ. ನಮ್ಮವರಿಗೆ ಆಗುತ್ತದೆಯೇ?

ಓಸ್ಲೋವಾಸಿ:
ಅರ್ಧ ದಿನದಲ್ಲಿ ರೂಢಿಯಾಗುತ್ತದೆ. ಆರ್‌ಟಿಓ ಕಚೇರಿಯಲ್ಲಿ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ, ಬಾಡಿಗೆಯವರು ಕೇಳುತ್ತಾರೆ. ಆಟೋಮ್ಯಾಟಿಕ್ ಕಾರನ್ನೇ ಹಿಡಿಯಿರಿ, ಬಲಗೈಯಲ್ಲಿ ಗೇರ್ ಹುಡುಕುವ ಕೆಲಸ ತಪ್ಪುತ್ತದೆ. ಊರಿನ ಹೊರಗೆ ಸಾಮಾನ್ಯವಾಗಿ 80, ಒಳಗೆ 50. ಕ್ಯಾಮೆರಾ ಇದೆ, ದಂಡ ಕೇಳಿದರೆ ಊಟ ಸೇರುವುದಿಲ್ಲ. ಕವಲು ರಸ್ತೆಗಳು ಒಂದೇ ಕಾರಿನ ಅಗಲ. ನೀಲಿ ಫಲಕದಲ್ಲಿ ಬಿಳಿ 'ಎಂ' ಕಂಡಲ್ಲಿ ರಸ್ತೆ ಕೊಂಚ ಅಗಲವಾಗಿರುತ್ತದೆ. ಎದುರಿಗೆ ಕಾರು ಬಂದರೆ ಅಲ್ಲಿ ಸರಿದು ದಾರಿ ಬಿಡುವುದು. ಅದು ಫೋಟೋ ತೆಗೆಯಲು ನಿಲ್ಲುವ ಜಾಗವಲ್ಲ, ದಯವಿಟ್ಟು.

ಚಳಿಗಾಲದಲ್ಲಿ ಬಾಡಿಗೆ ಕಾರುಗಳಿಗೆ ಮೊಳೆ ಕೂರಿಸಿದ ಟೈರು ಇರುತ್ತದೆ, ಮಂಜುಗಡ್ಡೆಯ ಮೇಲೆ ಹಿಡಿತ ಸಿಗಲು. ಅಲ್ಲಿ ಅಕ್ಟೋಬರ್ 16ರಿಂದ ಏಪ್ರಿಲ್ 30ರವರೆಗೆ ಅದಕ್ಕೆ ಅನುಮತಿ. ಆದರೂ ಅಡ್ಡಗಾಳಿ ಬೀಸುವ ದಿನ ಸೇತುವೆ ದಾಟುವಾಗ ಕಾರು ಪಕ್ಕಕ್ಕೆ ಜರುಗಿದ್ದು ಗೊತ್ತಾಗುತ್ತದೆ.

ಲೆಕ್ಕಾಚಾರ:
ಗಾಳಿಯ ಮಾತು ಬಂತಲ್ಲ, ಇದನ್ನು ಬರೆದಿಟ್ಟುಕೊಳ್ಳಿ: ಕಾರನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ತೆರೆಯಿರಿ. ನಮ್ಮ ಬಾಗಿಲು ಗಾಳಿಗೆ ಹಿಮ್ಮುಖವಾಗಿ ಮಡಚಿಕೊಂಡಿತು. ವಿಮೆ ಇದ್ದರೂ 'ಬಾಗಿಲಿನ ಗಾಳಿ ಹಾನಿ ಸೇರಿಲ್ಲ' ಎಂದು ಬಾಡಿಗೆಯವರು ಬಿಲ್ ಹಚ್ಚಿದರು. ಕರಾರಿನ ಸಣ್ಣಕ್ಷರದಲ್ಲಿ ನಿಜವಾಗಿಯೂ ಹಾಗೆಂದೇ ಇತ್ತು.

ಒಗ್ಗರಣೆ:
ಊಟದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಗಂಡಸರು ಬೆಟ್ಟ, ಟೈರು, ಗಾಳಿ ಎಂದು ಕುಳಿತಿದ್ದೀರಿ.

ಹೊರಗೆ ಸಸ್ಯಾಹಾರ ಎಂದರೆ ಸೂಪು, ಬ್ರೆಡ್, ಆಲೂಗಡ್ಡೆ. ಸೂಪಿನಲ್ಲಿ ಮೀನಿನ ಸಾರು ಇದೆಯೇ ಎಂದು ಪ್ರತಿ ಸಲ ಕೇಳಬೇಕು. ಅಡುಗೆಮನೆ ಇರುವ ಮನೆ ಹಿಡಿದರೆ ಚಿಂತೆಯಿಲ್ಲ. ಅಕ್ಕಿ, ಬೇಳೆ, ತರಕಾರಿ ಲೆಕ್‌ನೆಸ್ ಮತ್ತು ಸ್ವೋಲ್ವಾರ್‌ನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ. ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ, ಶನಿವಾರವೇ ಕೊಂಡಿಡಿ. 'ಕುಲ್ತುರ್‌ಮೆಲ್ಕ್' ಎಂಬ ಹುಳಿ ಹಾಲು ಸಿಗುತ್ತದೆ, ಗಟ್ಟಿ ಮಜ್ಜಿಗೆಯೇ ಸರಿ. ಅನ್ನಕ್ಕೆ ಕಲಸಿ, ಸಾಸಿವೆ-ಇಂಗು ಒಗ್ಗರಣೆ ಕೊಟ್ಟರೆ ಯಾವ ಅತ್ತೆಯೂ ಬೇಡ ಎನ್ನುವುದಿಲ್ಲ. ಆದರೆ ಒಗ್ಗರಣೆಗೆ ಮೊದಲು ಕಿಟಕಿ ತೆರೆಯಿರಿ. ಮರದ ಮನೆ, ಚಾವಣಿಯಲ್ಲಿ ಹೊಗೆ ಗಂಟೆ. ಒಣಮೆಣಸಿನಕಾಯಿ ಚಟಪಟ ಎಂದರೆ ಸಾಕು, ಇಡೀ ಕೇರಿ ಹೊರಗೆ ಬರುತ್ತದೆ.

ಊರಿನಿಂದ ಒಯ್ಯುವಾಗ ಎಚ್ಚರಿಕೆ: ಐರೋಪ್ಯ ಆರ್ಥಿಕ ವಲಯದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪದ ಡಬ್ಬಿ, ಪೇಡ ಬಿಟ್ಟು ಹೊರಡಿ. ಚಟ್ನಿಪುಡಿ, ಸಾರಿನಪುಡಿ, ಗೊಜ್ಜವಲಕ್ಕಿ, ಹುರಿದ ರವೆಗೆ ಏನೂ ತೊಂದರೆಯಾಗಲಿಲ್ಲ.

ಬಿಸಿಲನಾಡು:
ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮರೆತಿರಾ? ತಿಂಗಳಾದರೂ ಕೆಡುವುದಿಲ್ಲ. ಅಲ್ಲಿನವರೂ ಗರಿಗರಿ ಒಣ ಬ್ರೆಡ್ಡನ್ನು ಡಬ್ಬಿಗಟ್ಟಲೆ ತಿನ್ನುತ್ತಾರಂತೆ. ಒಂದು ರೊಟ್ಟಿ ಕೊಟ್ಟು ನೋಡಿ, ಗೆಳೆತನವಾಗುತ್ತದೆ.

ನೀಲಿಹಕ್ಕಿ:
ಪಫಿನ್ ಹಕ್ಕಿಗಾಗಿ ಯಾರಾದರೂ ಹೋಗುವುದಿದ್ದರೆ: ಅವು ರೋಸ್ಟ್ ಮತ್ತು ವಾರೊಯ್ ದ್ವೀಪಗಳಲ್ಲಿ ಗೂಡು ಮಾಡುತ್ತವೆ, ಆಗಸ್ಟ್ ಬಂತೆಂದರೆ ಸಮುದ್ರಕ್ಕೆ ಹೊರಟುಬಿಡುತ್ತವೆ. ಹಿಂದಿನ ಸಂಖ್ಯೆಗೆ ಹೋಲಿಸಿದರೆ ಈಗ ಉಳಿದಿರುವುದು ತೀರಾ ಕಡಿಮೆ. ಬಿಳಿಬಾಲದ ಕಡಲಹದ್ದು ಮಾತ್ರ ವರ್ಷಪೂರ್ತಿ ಇರುತ್ತದೆ. ಸ್ವೋಲ್ವಾರ್‌ನಿಂದ ಟ್ರೋಲ್‌ಫ್ಯೋರ್ಡ್‌ಗೆ ಹೋಗುವ ದೋಣಿಯಲ್ಲಿ ಕುಳಿತೇ ನೋಡಬಹುದು, ಮಂಡಿಗೆ ಕೆಲಸವಿಲ್ಲ.

ತುಂಗಾತೀರ:
ಇಷ್ಟೆಲ್ಲ ಓದಿದ ಮೇಲೆ ಸೆಪ್ಟೆಂಬರ್ ಬಗ್ಗೆ ಕೇಳಬೇಕೆನಿಸುತ್ತಿದೆ. ಲೆಕ್ಕಾಚಾರದವರು ಹೇಳಿದ್ದು ಬಿಟ್ಟರೆ ಯಾರೂ ಅದರ ಪರ ವಾದಿಸಿಲ್ಲ. ಸೂರ್ಯನೂ ಸಿಗದ, ಹಿಮವೂ ಇಲ್ಲದ ತಿಂಗಳೇ ಅದು?

ಓಸ್ಲೋವಾಸಿ:
ನಾನು ಅದನ್ನೇ ಹೇಳಬೇಕೆಂದಿದ್ದೆ, ನಲವತ್ತು ಮುಕ್ಕಾಲಿಗಳು ಅಡ್ಡ ಬಂದವು.

ಸೆಪ್ಟೆಂಬರ್ ಮಧ್ಯದಲ್ಲಿ ಹಗಲು-ರಾತ್ರಿ ಹೆಚ್ಚುಕಡಿಮೆ ಸಮ. ಬೆಳಗ್ಗೆ ಏಳರೊಳಗೆ ಬೆಳಕು, ಸಂಜೆ ಏಳೂವರೆಗೆ ಸೂರ್ಯಾಸ್ತ. ರಸ್ತೆಯಲ್ಲಿ ಮಂಜುಗಡ್ಡೆಯಿಲ್ಲ. ಬರ್ಚ್ ಮರಗಳು ಹಳದಿ, ನೆಲದ ಕುರುಚಲು ಕೆಂಪು. ರಾತ್ರಿ ಒಂಬತ್ತೂವರೆಯ ಮೇಲೆ ಧ್ರುವಪ್ರಭೆಗೆ ಸಾಕಷ್ಟು ಕತ್ತಲೆ. ಲೋಫೋಟೆನ್ ನೇರವಾಗಿ ಧ್ರುವಪ್ರಭೆಯ ವಲಯದಡಿಯಲ್ಲೇ ಇರುವುದರಿಂದ ದೊಡ್ಡ ಸೌರ ಬಿರುಗಾಳಿಗೆ ಕಾಯಬೇಕಾಗಿಲ್ಲ. ಮೋಡ ಸರಿದರೆ ಸಾಮಾನ್ಯ ದಿನವೂ ಕಾಣಬಹುದು. ವಿಷುವದ, ಅಂದರೆ ಹಗಲು-ರಾತ್ರಿ ಸಮವಾಗುವ, ತಿಂಗಳುಗಳಲ್ಲಿ ಧ್ರುವಪ್ರಭೆಯ ಚಟುವಟಿಕೆ ಹೆಚ್ಚು ಎಂಬುದೂ ದಾಖಲಾದ ಸಂಗತಿ. ಒಣಮೀನಿನ ಚಪ್ಪರ ಖಾಲಿ, ಅತ್ತೆಯವರಿಗೆ ತಿಳಿಸಿ.

ಪಂಚಾಂಗ:
ಅಮಾವಾಸ್ಯೆಯ ಆಚೀಚೆ ಹೋದರೆ ಮಂದ ಪ್ರಭೆಯೂ ಕಾಣುತ್ತದೆ. ಭಾದ್ರಪದ ಬಹುಳದಲ್ಲಿ ಪಿತೃಪಕ್ಷ ಬರುತ್ತದೆ, ಮನೆಯಲ್ಲಿ ತಿಥಿ ಇದ್ದರೆ ನೋಡಿಕೊಳ್ಳಿ.

ಚಾರಣಪ್ರಿಯ:
ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಅದನ್ನೂ ಹೇಳಿ.

ಓಸ್ಲೋವಾಸಿ:
ಮಳೆ ಜೂನ್‌ನಲ್ಲೂ ಬರುತ್ತದೆ, ಪ್ರಮಾಣ ಕಡಿಮೆ ಅಷ್ಟೇ. ಆದರೆ ದ್ವೀಪದ ಒಂದು ಬದಿ ಮಳೆ, ಇನ್ನೊಂದು ಬದಿ ಬಿಸಿಲು ಅಲ್ಲಿ ಮಾಮೂಲು. ನಾರ್ವೆಯ ಹವಾಮಾನ ಇಲಾಖೆಯ 'ಈರ್' ತಾಣವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡು ಬೆಳಗ್ಗೆ ನೋಡಿ ದಿಕ್ಕು ಬದಲಿಸಿ. ಇದಕ್ಕಾಗಿಯೇ ದಿನಕ್ಕೊಂದು ಊರಿನಲ್ಲಿ ತಂಗಬೇಡಿ. ಹೆನ್ನಿಂಗ್ಸ್‌ವಾರ್ ಅಥವಾ ಕಾಬೆಲ್‌ವೋಗ್‌ನಲ್ಲಿ ಅರ್ಧ, ರೈನೆ ಕಡೆ ಅರ್ಧ. ಸ್ವೋಲ್ವಾರ್‌ನಿಂದ ರಸ್ತೆ ಮುಗಿಯುವ 'ಓ' ಎಂಬ ಊರಿಗೆ ಸುಮಾರು 130 ಕಿ.ಮೀ. ಅಷ್ಟೇ. ಆದರೆ ನಿಲ್ಲದೆ ಹೋಗಲು ಮನಸ್ಸಾಗುವುದಿಲ್ಲ, ಇಡೀ ದಿನ ಹಿಡಿಯುತ್ತದೆ.

ಮಂಡಿಗೆ ಶ್ರಮವಿಲ್ಲದವು: ಹೌಕ್‌ಲಾಂಡ್ ಮತ್ತು ರಾಂಬರ್ಗ್‌ನ ಬಿಳಿ ಮರಳಿನ ತೀರಗಳು, ಕಾರು ನಿಲ್ಲಿಸಿದರೆ ಎದುರಿಗೇ. ಹೌಕ್‌ಲಾಂಡ್‌ನಿಂದ ಸುರಂಗ ದಾಟಿದರೆ ಉಟ್ಟಾಕ್ಲೈವ್. ಬೋರ್ಗ್‌ನಲ್ಲಿ ವೈಕಿಂಗ್ ಮುಖಂಡನ 83 ಮೀಟರ್ ಉದ್ದದ ಮನೆಯನ್ನು ಮತ್ತೆ ಕಟ್ಟಿದ್ದಾರೆ. 1980ರ ದಶಕದ ಆರಂಭದಲ್ಲಿ ರೈತನೊಬ್ಬ ಉಳುವಾಗ ಸಿಕ್ಕ ಕುರುಹುಗಳಿಂದ ಪತ್ತೆಯಾದದ್ದು. ಒಳಗೆ ಬೆಂಕಿ ಉರಿಯುತ್ತಿರುತ್ತದೆ, ಮಳೆ ಬಂದ ದಿನಕ್ಕೆ ಅದನ್ನು ಇಟ್ಟುಕೊಳ್ಳಿ.

ಚಾರಣಪ್ರಿಯ:
ಸೊಸೆಗೆ ಕ್ವಾಲ್ವಿಕಾ ತೀರ. ಬೆಟ್ಟ ದಾಟಿಯೇ ಹೋಗಬೇಕು, ರಸ್ತೆ ಇಲ್ಲ. ಇಷ್ಟಾದರೂ ಒಪ್ಪಿ.

ತುಂಗಾತೀರ:
ಒಪ್ಪಿದೆ. ಅತ್ತೆಯವರು ಹೊರಗೆ ಬಂದು ತೀರ್ಪು ಕೊಟ್ಟಿದ್ದಾರೆ: "ಸೂರ್ಯನನ್ನು ಶಿವಮೊಗ್ಗದಲ್ಲೇ ದಿನಾ ನೋಡುತ್ತೇನೆ. ಆ ಹಸಿರು ಬೆಳಕು ನೋಡಬೇಕು, ಜಾರಿ ಬೀಳಬಾರದು." ಹಾಗಾಗಿ ಸೆಪ್ಟೆಂಬರ್. ಮನೆಯ ತಿಥಿ ಶ್ರಾವಣದಲ್ಲಿ, ತೊಂದರೆಯಿಲ್ಲ.

ಕ್ಯಾಮೆರಾಕಣ್ಣು:
ಮೋಡ ಮುಚ್ಚಿ ಹಸಿರು ಬೆಳಕು ಕಾಣದಿದ್ದರೆ ಮಾರ್ಚ್‌ಗೆ ಮತ್ತೊಮ್ಮೆ ಬನ್ನಿ. ಸೇತುವೆಯ ಮೇಲೆ ಜಾಗ ಹಿಡಿದಿರುತ್ತೇನೆ.

ಲೆಕ್ಕಾಚಾರ:
ವೀಸಾ ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು. ಒಬ್ಬರಿಗೆ 90 ಯೂರೋ, ಜೊತೆಗೆ ಸೇವಾ ಶುಲ್ಕ. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಹಳೆಯ ಮಂಡಿ ನೋವನ್ನು ವಿಮೆಯಿಂದ ಹೊರಗಿಟ್ಟಿದ್ದಾರೆಯೇ ನೋಡಿ. ಅತ್ತೆಯವರ ಪಾಸ್‌ಪೋರ್ಟ್ ಎಲ್ಲಿಯವರೆಗೆ ಇದೆ?

ತುಂಗಾತೀರ:
ಮುಂದಿನ ವರ್ಷ ನವೆಂಬರ್‌ವರೆಗೆ. ಸಾಕಲ್ಲವೇ?

ಲೆಕ್ಕಾಚಾರ:
ಸಾಲದು. ಷೆಂಗೆನ್ ಬಿಟ್ಟು ಹೊರಟ ದಿನದಿಂದ ಇನ್ನೂ ಮೂರು ತಿಂಗಳು ಬಾಕಿ ಇರಬೇಕು. ಈ ವಾರವೇ ನವೀಕರಣಕ್ಕೆ ಹಾಕಿ.